ಮಕ್ಕಳು ಮೂವರು, ಮನೆಗೊಂದೇ ಪಠ್ಯ: ಆರಿಸುವುದು ಹೇಗೆ, ಹೊಂದಿಸಿಕೊಳ್ಳುವುದು ಹೇಗೆ?

ಮಕ್ಕಳನ್ನು ಮನೆಯಲ್ಲೇ ಓದಿಸಲು ಹೊರಟ ಅಪ್ಪ-ಅಮ್ಮಂದಿರು ಮೊದಲು ಕೇಳುವ ಪ್ರಶ್ನೆ, ಯಾವ ಪಠ್ಯಕ್ರಮ ತಗೊಳ್ಳಲಿ ಅನ್ನೋದು. ಒಂದೇ ಮಗುವಾದರೆ ಹೇಗೋ ನಡೆಯುತ್ತದೆ. ಎಂಟು, ಆರು, ಮೂರು ವರ್ಷದ ಮೂವರಿದ್ದರೆ? ಮೂರನೇ ತರಗತಿಯ ಪುಸ್ತಕದ ಕಟ್ಟು ಒಂದು, ಒಂದನೇ ತರಗತಿಯದು ಇನ್ನೊಂದು, ಪುಟ್ಟ ಮಗುವಿಗೆ ಬಣ್ಣ ಹಚ್ಚುವ ವರ್ಕ್‌ಬುಕ್ ಮತ್ತೊಂದು. ಜೂನ್‌ನಲ್ಲಿ ಹುರುಪಿನಿಂದ ಶುರುವಾದದ್ದು ದಸರಾ ಹೊತ್ತಿಗೆ ನಿಂತೇ ಹೋಗುತ್ತದೆ. ಸೋತಿರುವುದು ಮಕ್ಕಳಲ್ಲ. ಬೆಳಗಿನಿಂದ ಸಂಜೆವರೆಗೆ ಮೂರು ತರಗತಿ ನಡೆಸಿದ ಅಮ್ಮನಿಗೆ ಮೈಯಲ್ಲಿ ಶಕ್ತಿ ಉಳಿದಿರುವುದಿಲ್ಲ.

ನಾನು ಹೇಳುವುದು ಇಷ್ಟೇ. ಮಗುವಿಗೊಂದು ಪಠ್ಯಕ್ರಮ ಬೇಡ, ಮನೆಗೊಂದು ಸಾಕು. ಓದು-ಬರಹ ಮತ್ತು ಲೆಕ್ಕ ಮಾತ್ರ ಅವರವರ ಮಟ್ಟಕ್ಕೆ ತಕ್ಕಂತೆ ಬೇರೆ ಬೇರೆ ಇರಲಿ. ಕಥೆ, ಹಾಡು, ಪರಿಸರ, ಚಿತ್ರ, ಕೈಕೆಲಸ ಎಲ್ಲ ಒಟ್ಟಿಗೆ.

ಇದನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ನಲಿಕಲಿ ಇದೆಯಲ್ಲ, ಅದು ಹುಟ್ಟಿದ್ದೇ ಇಂಥ ಕಷ್ಟದಿಂದ. ಹಳ್ಳಿಶಾಲೆಯಲ್ಲಿ ಮೇಷ್ಟ್ರು ಒಬ್ಬರೇ, ಎದುರಿಗೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯವರು ನಡೆಸುವ ಹಳ್ಳಿಶಾಲೆಗಳನ್ನು ನೋಡಿ ಬಂದು, ಪಾಠಪುಸ್ತಕವನ್ನು ಕಾರ್ಡುಗಳಾಗಿ ಬಿಡಿಸಿದರು. ಮಕ್ಕಳು ತರಗತಿ ಪ್ರಕಾರ ಕೂರುವುದಿಲ್ಲ. ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ ತಾನು ಎಷ್ಟನೇ ಮೆಟ್ಟಿಲಲ್ಲಿದ್ದೇನೆ ಅಂತ ಮಗುವೇ ಕಂಡುಕೊಳ್ಳುತ್ತದೆ, ತನ್ನ ಕಾರ್ಡ್ ತಾನೇ ತಗೊಂಡು ಕೂರುತ್ತದೆ. ಮನೆಯಲ್ಲಿ ಮೂವರನ್ನು ಓದಿಸುವವರಿಗೆ ಇದಕ್ಕಿಂತ ಹತ್ತಿರದ ಮಾದರಿ ನನಗೆ ಕಂಡಿಲ್ಲ. ಸಾವಿರಾರು ರೂಪಾಯಿ ಕೊಟ್ಟು ವಿದೇಶದ ಕಿಟ್ ತರಿಸುವ ಮೊದಲು, ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ ಒಂದು ಬೆಳಿಗ್ಗೆ ನಲಿಕಲಿ ತರಗತಿಯಲ್ಲಿ ಕೂತು ಬನ್ನಿ.

1. ಮೊದಲು ಮಗು, ಆಮೇಲೆ ಪುಸ್ತಕ

ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಮಗುವಿಗೆ ಒಂದೊಂದು ಪುಟ ಇಡಿ. ವಯಸ್ಸು, ತರಗತಿ ಬರೆಯಬೇಡಿ. ಮಗುವಿಗೆ ಏನೇನು ಬರುತ್ತದೆ ಅಷ್ಟೇ ಬರೆಯಿರಿ. ಓದಲು ಎಲ್ಲಿವರೆಗೆ ಬರುತ್ತದೆ: ಅಕ್ಷರವೇ, ಕಾಗುಣಿತವೇ, ಒತ್ತಕ್ಷರವೇ? ಎಣಿಸುವುದು ಎಷ್ಟರವರೆಗೆ? ಹತ್ತು ದಾಟುವ ಕೂಡುವ ಲೆಕ್ಕಕ್ಕೆ ಬೆರಳು ಬೇಕೇ?

ಓದಿನ ಮಟ್ಟ ತಿಳಿಯಲು ಒಂದು ಸುಲಭ ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಮಟ್ಟದ ಪ್ರಕಾರ ವಿಂಗಡಿಸಿಟ್ಟಿದ್ದಾರೆ. ಒಂದನೇ ಮಟ್ಟದ ಕಥೆ ಕೊಡಿ. ಸಲೀಸಾಗಿ ಓದಿದರೆ ಎರಡನೆಯದು. ಒಂದು ಪುಟದಲ್ಲಿ ನಾಲ್ಕೈದು ಪದಕ್ಕೆ ತಡವರಿಸಿದರೆ ಅದಕ್ಕಿಂತ ಒಂದು ಮಟ್ಟ ಕೆಳಗಿನಿಂದ ಶುರುಮಾಡಿ. ಆರು ವರ್ಷದವನು ಅಕ್ಕನಿಗಿಂತ ಚೆನ್ನಾಗಿ ಲೆಕ್ಕ ಮಾಡಬಹುದು. ಇಲ್ಲವೇ ಎಂಟು ವರ್ಷದವಳಿಗೆ ಒತ್ತಕ್ಷರ ಇನ್ನೂ ಕಷ್ಟವಿರಬಹುದು. ಎರಡೂ ಸಹಜ, ಗಾಬರಿ ಬೇಡ. ಹಾಗಂತ ಆ ಪುಟಗಳನ್ನು ಮಕ್ಕಳ ಎದುರು ಓದಿ ಹೋಲಿಸಲೂ ಬೇಡಿ.

2. ಒಂದು ಬೆನ್ನೆಲುಬು ಆರಿಸಿಕೊಳ್ಳಿ

ಪಠ್ಯ ಎಂದರೆ ನಿಮಗೆ ದಾರಿ ತೋರಿಸಲು ಒಂದು ಕ್ರಮ ಬೇಕು, ಅಷ್ಟೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು, ಎನ್‌ಸಿಇಆರ್‌ಟಿ ಪುಸ್ತಕಗಳು ಎರಡೂ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಕಾಲವನ್ನು ಒಂದೇ ಹಂತ ಎಂದು ನೋಡುತ್ತದೆ, ಆಟ ಮತ್ತು ಚಟುವಟಿಕೆಯಿಂದಲೇ ಕಲಿಸಿ ಎನ್ನುತ್ತದೆ. ನಿಮ್ಮ ಮೂವರೂ ಆ ಹಂತದೊಳಗೆ, ಇಲ್ಲವೇ ಅದರ ಅಂಚಿನಲ್ಲಿ ಇದ್ದಾರೆ ಅಲ್ವಾ? ಹಾಗಾಗಿ ಅವರನ್ನು ಒಟ್ಟಿಗೆ ಕೂರಿಸಲು ಅಂಜಬೇಕಾಗಿಲ್ಲ. ಮಾಂಟೆಸರಿ ಮನೆಗಳಲ್ಲೂ ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ.

ಯಾವುದನ್ನೇ ಆರಿಸಿ, ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಒಂದು ಪಾಠ 20 ನಿಮಿಷದಲ್ಲಿ ಮುಗಿಯುತ್ತದೆಯೇ? ಪಕ್ಕದಲ್ಲಿ ದೊಡ್ಡವರು ಇಲ್ಲದಿದ್ದರೂ ಮಗು ಮಾಡುವಂಥದ್ದು ಅದರಲ್ಲಿ ಏನಾದರೂ ಇದೆಯೇ? ಅಕ್ಕ ಮುಗಿಸಿದ ಪುಸ್ತಕವನ್ನು ತಮ್ಮ ಮತ್ತೆ ಬಳಸಬಹುದೇ? ಹರಿದು ಬರೆದು ಬಿಸಾಡುವ ವರ್ಕ್‌ಬುಕ್ಕೇ ಜಾಸ್ತಿ ಇರುವ ಪಠ್ಯ ಮೂವರಿರುವ ಮನೆಗೆ ದುಬಾರಿ.

ಭಾಷೆಯ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಮನೆಮಾತು ಕನ್ನಡವಾದರೆ ಓದು ಕನ್ನಡದಿಂದಲೇ ಶುರುವಾಗಲಿ. ತನಗೆ ಗೊತ್ತಿರುವ ಮಾತನ್ನೇ ಮಗು ಕಾಗದದ ಮೇಲೆ ಗುರುತಿಸುತ್ತದೆ, ಅರ್ಥಕ್ಕಾಗಿ ತಡಕಾಡುವುದಿಲ್ಲ. ಇಂಗ್ಲಿಷನ್ನು ಮೊದಲು ಕಿವಿಗೆ, ಬಾಯಿಗೆ ಕೊಡಿ. ಅಕ್ಷರಕ್ಕೆ ಅವಸರ ಬೇಡ.

3. ಅಕ್ಷರಕ್ಕೆ ಏಣಿ ಕಟ್ಟಿ

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸಬೇಕಾದ್ದು ಓದು ಮತ್ತು ಲೆಕ್ಕ. ಇಲ್ಲಿ ನಲಿಕಲಿಯ ಒಂದು ಉಪಾಯವನ್ನು ಹಾಗೇ ಎತ್ತಿಕೊಳ್ಳಬಹುದು.

ಅ, ಆ, ಇ, ಈ ಎಂದು ವರ್ಣಮಾಲೆ ಪೂರ್ತಿ ತಿದ್ದಿಸಿ, ಆಮೇಲೆ ಪದಕ್ಕೆ ಬರುವುದು ನಮ್ಮ ಹಳೆಯ ಪದ್ಧತಿ. ನಲಿಕಲಿಯಲ್ಲಿ ಮೊದಲು ಬರುವುದು ಐದೇ ಅಕ್ಷರ: ರ, ಗ, ಸ, ದ, ಅ. ಬರೆಯಲು ಆಕಾರಗಳು ಹತ್ತಿರ ಹತ್ತಿರ. ಇಷ್ಟು ಬಂದರೆ ಮಗು ಸರ, ರಸ, ದರ, ಅಗಸ, ಅರಸ, ಗರಗಸ ಎಲ್ಲವನ್ನೂ ಓದಬಲ್ಲದು! ಐದು ಅಕ್ಷರಕ್ಕೆ ಆರು ಪದ. ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ದಪ್ಪಕ್ಕೆ ಬರೆಯಿರಿ. ರ ಮತ್ತು ಗ ಎರಡೆರಡು ಮಾಡಿ, ಇಲ್ಲದಿದ್ದರೆ ‘ಗರಗಸ’ಕ್ಕೆ ಒಂದು ಗ ಕಡಿಮೆ ಬೀಳುತ್ತದೆ. ಮಗು ಕಾರ್ಡುಗಳನ್ನು ನೆಲದ ಮೇಲೆ ಜೋಡಿಸಿ ಪದ ಕಟ್ಟಲಿ. ‘ಸರ’ವನ್ನು ತಿರುಗಿಸಿಟ್ಟರೆ ‘ರಸ’ ಆಗುತ್ತದೆ ಎಂದು ತಾನೇ ಕಂಡುಕೊಂಡ ಮಗುವಿನ ಮುಖ ನೋಡಬೇಕು. ಅರ್ಥವಿಲ್ಲದ ಪದ ಕಟ್ಟಿದರೂ ಓದಿಸಿ, ನಗಲಿ. ಐದೂ ಗಟ್ಟಿಯಾದ ಮೇಲೆ ಮುಂದಿನ ಐದು, ನಡುವೆ ಒಂದೊಂದೇ ಸ್ವರಚಿಹ್ನೆ.

ದೊಡ್ಡವಳಿಗೂ ಇದೇ ಕಾರ್ಡುಗಳು ಬೇಕಾಗುತ್ತವೆ. ತಮ್ಮ ಕಟ್ಟಿದ ಪದದಿಂದ ಅವಳು ವಾಕ್ಯ ಬರೆಯಬೇಕು. ಮೂರು ವರ್ಷದ್ದಕ್ಕೆ ಕಾರ್ಡಿನ ಹಿಂಬದಿಯಲ್ಲಿ ಚಿತ್ರ ಬರೆಯಿರಿ, ಒಂದೇ ಥರದ್ದನ್ನು ಜೋಡಿ ಮಾಡಲಿ. ಸಾಮಾನು ಒಂದೇ, ಕೆಲಸ ಮೂರು.

ಲೆಕ್ಕಕ್ಕೆ ಹುಣಸೆಬೀಜ, ತೆಂಗಿನ ಪೊರಕೆ ಕಡ್ಡಿ ಸಾಕು. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿದರೆ ಬಿಡಿ, ಹತ್ತು ತಲೆಗೆ ಹತ್ತುತ್ತದೆ. ಅಳಗುಳಿ ಮಣೆಯ 14 ಗುಳಿಗಳಿಗೆ ಒಂದೊಂದೇ ಬೀಜ ಹಾಕುತ್ತಾ ಹೋಗುವುದು ಚಿಕ್ಕವರಿಗೆ ಒಳ್ಳೆಯ ಎಣಿಕೆ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಹೇಳುವುದು ದೊಡ್ಡವರ ಲೆಕ್ಕ. ಚೌಕಾಬಾರದಲ್ಲಿ ನಾಲ್ಕು ಕವಡೆಯೂ ಮೇಲ್ಮುಖವಾಗಿ ಬಿದ್ದರೆ ನಾಲ್ಕು, ಎಲ್ಲ ಮಗುಚಿಕೊಂಡರೆ ಎಂಟು. ಮೂರನೇ ತರಗತಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಬಾಯಿಲೆಕ್ಕದ ಅಭ್ಯಾಸ ಬೇಕೇ? ಆದರೆ ಒಂದು ಎಚ್ಚರಿಕೆ: ಗುಲಗಂಜಿ ಮಾತ್ರ ಕೊಡಬೇಡಿ, ಅದರ ಬೀಜ ವಿಷ. ಬೇರೆ ಬೀಜವಾದರೂ ಚಿಕ್ಕವರು ಮೂಗಿಗೆ, ಬಾಯಿಗೆ ಹಾಕಿಕೊಳ್ಳುತ್ತಾರೆ. ಆಟ ಮುಗಿಯುವವರೆಗೆ ಪಕ್ಕದಲ್ಲೇ ಇರಿ.

4. ಉಳಿದದ್ದು ಒಟ್ಟಿಗೆ

ಪರಿಸರ ಪಾಠಕ್ಕೆ ಒಂದು ವಿಷಯ ಹಿಡಿದು ಒಂದು ವಾರ ಎಲ್ಲರೂ ಅದರಲ್ಲೇ ಇರಿ. ಬೀಜ ಮೊಳೆಯುವುದು ಅಂತಿಟ್ಟುಕೊಳ್ಳಿ. ಒಂದು ಹಿಡಿ ಹೆಸರುಕಾಳು, ಒದ್ದೆ ಬಟ್ಟೆ, ತಟ್ಟೆ. ಮೂರು ವರ್ಷದವಳ ಕೆಲಸ ದಿನಾ ಬೆಳಿಗ್ಗೆ ನೀರು ಚಿಮುಕಿಸುವುದು, ಮುಟ್ಟಿ ಗಟ್ಟಿಯೋ ಮೆತ್ತಗೋ ಹೇಳುವುದು. ಆರು ವರ್ಷದವನು ಹತ್ತು ಕಾಳು ಬೇರೆ ಇಟ್ಟು, ಇವತ್ತು ಎಷ್ಟು ಮೊಳೆತವು, ಎಷ್ಟು ಉಳಿದವು ಎಂದು ಎಣಿಸಿ ಚಿತ್ರ ಬರೆಯುತ್ತಾನೆ. ಎಂಟು ವರ್ಷದವಳು ಮೊಳಕೆಯನ್ನು ಸ್ಕೇಲಿನಲ್ಲಿ ಅಳೆದು ದಿನಾಂಕದ ಎದುರು ಬರೆಯುತ್ತಾಳೆ. ಇನ್ನೊಂದು ತಟ್ಟೆಯನ್ನು ನೀರಿಲ್ಲದೆ ಇಟ್ಟು ಎರಡನ್ನೂ ಹೋಲಿಸುತ್ತಾಳೆ. ವಾರದ ಕೊನೆಗೆ ಕೋಸಂಬರಿ. ಅದಕ್ಕೆ ಏನೇನು ಹಾಕಿದೆವು ಎಂದು ಅವಳೇ ಬರೆದರೆ ಬರವಣಿಗೆ ಪಾಠವೂ ಆಯಿತು.

ಬೇರೆ ದೇಶದ ಪಠ್ಯ ಈಗಾಗಲೇ ಕೊಂಡಿದ್ದರೆ ಎಸೆಯಬೇಕಾಗಿಲ್ಲ, ಪೆನ್ಸಿಲ್ ಹಿಡಿದು ಕೂರಿ. ಡೈಮ್, ನಿಕಲ್ ನಾಣ್ಯದ ಪುಟ ತೆಗೆದು ಒಂದು, ಎರಡು, ಐದು, ಹತ್ತು ರೂಪಾಯಿ ನಾಣ್ಯ ಕೊಡಿ. ಅಕ್ಟೋಬರ್‌ನಲ್ಲಿ ಎಲೆ ಉದುರಿ, ಡಿಸೆಂಬರ್‌ನಲ್ಲಿ ಹಿಮ ಬೀಳುವ ನಾಲ್ಕು ಋತುಗಳ ಪಾಠ ಇದ್ದೇ ಇರುತ್ತದೆ. ನಮ್ಮ ಬೀದಿಯ ಹೊಂಗೆಮರ ಎಲೆ ಉದುರಿಸಿ ಯುಗಾದಿ ಆಸುಪಾಸಿನಲ್ಲಿ ಚಿಗುರುತ್ತದೆ. ಅದನ್ನೇ ವರ್ಷವಿಡೀ ನೋಡಿ ಬರೆಯಲಿ. ಜೂನ್ ಕೊನೆಯ ಆರಿದ್ರಾ ಮಳೆಯಿಂದ ಹಿಡಿದು ಹಸ್ತ, ಚಿತ್ತಾ, ಸ್ವಾತಿವರೆಗೆ ಮಳೆ ನಕ್ಷತ್ರಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಮಳೆ ಬಂದ ದಿನ ಚುಕ್ಕಿ ಇಡಲಿ. ಅಜ್ಜಿ ಮನೆಯಲ್ಲಿದ್ದರೆ ಈ ಪಾಠ ಅವರಿಗೇ ಬಿಡಿ, ಯಾವ ಮಳೆಗೆ ಏನು ಬಿತ್ತುತ್ತಿದ್ದರು ಎಂದು ಹೇಳುತ್ತಾರೆ.

ಇಂಚಿನ ಪಾಠ ಬಂದಾಗ ಹೀಗೆ ಮಾಡಿ. ಮೂವರೂ ಬಾಗಿಲಿನಿಂದ ಕಿಟಕಿವರೆಗೆ ತಂತಮ್ಮ ಗೇಣಿನಲ್ಲಿ ಅಳೆಯಲಿ. ಒಬ್ಬೊಬ್ಬರದು ಒಂದೊಂದು ಲೆಕ್ಕ ಬರುತ್ತದೆ. ಯಾರದು ಸರಿ ಎಂದು ಕಿತ್ತಾಡಲಿ, ಬಿಡಿ. ಎಲ್ಲರದ್ದೂ ಸರಿಯೇ, ಹಾಗಾದರೆ ಅಂಗಡಿಯಲ್ಲಿ ಬಟ್ಟೆ ಅಳೆಯುವುದು ಯಾರ ಗೇಣಿನಲ್ಲಿ ಎಂದು ಕೇಳಿ, ಆಮೇಲೆ ಟೇಪು ತೆಗೆಯಿರಿ.

5. ದಿನದ ಓಟ

ಪಾಠ ಶುರುವಾಗುವಾಗ ಮೊದಲ 15 ನಿಮಿಷ ಅತಿ ಚಿಕ್ಕವರಿಗೆ ಕೊಡಿ. ಅಮ್ಮ ತನಗೆ ಸಿಕ್ಕಳು ಎಂದಾದ ಮೇಲೆ ಮಗು ಮಣ್ಣಿನ ಉಂಡೆ, ಪಾತ್ರೆ-ಪಡಗ ಇಟ್ಟುಕೊಂಡು ತನ್ನ ಪಾಡಿಗೆ ಆಡುತ್ತದೆ. ಕೊನೆಗೆ ಕೊಡುತ್ತೇನೆ ಎಂದರೆ ಅಲ್ಲಿವರೆಗೆ ಸೆರಗು ಬಿಡುವುದಿಲ್ಲ.

ನಲಿಕಲಿಯಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುವ ಗುಂಪಿನಿಂದ ತಾನೇ ಕಲಿಯುವ ಗುಂಪಿನವರೆಗೆ ಐದು ಗುಂಪುಗಳಿವೆ. ಮನೆಗೆ ಮೂರು ಜಾಗ ಸಾಕು: ದೊಡ್ಡವರ ಪಕ್ಕ, ಇಬ್ಬರು ಜೊತೆಯಾಗಿ, ಒಬ್ಬರೇ. ಹೊಸ ಪಾಠವಾದರೆ ನಿಮ್ಮ ಪಕ್ಕ, ಅಭ್ಯಾಸವಾದರೆ ಜೋಡಿಯಲ್ಲಿ, ಬಂದದ್ದನ್ನು ಗಟ್ಟಿ ಮಾಡುವುದಾದರೆ ಒಬ್ಬರೇ. ತಲಾ 20 ನಿಮಿಷಕ್ಕೆ ಜಾಗ ಬದಲಾಯಿಸಿ. ಒಟ್ಟು ಕೂತು ಕಲಿಯುವ ಸಮಯ ಒಂದೂವರೆ-ಎರಡು ಗಂಟೆ ಮೀರಬೇಕಾಗಿಲ್ಲ. ಆರು ಗಂಟೆ ಶಾಲೆಯನ್ನು ಮನೆಯಲ್ಲಿ ನಡೆಸುವುದು ಸುಮ್ನೆ ಎಲ್ಲರಿಗೂ ಹಿಂಸೆ.

ಒಂದು ಮಾತು ಒತ್ತಿ ಹೇಳಬೇಕು. ಅಕ್ಕ ತಮ್ಮನಿಗೆ ಹೇಳಿಕೊಡುವುದು ಒಳ್ಳೆಯದು, ಹೇಳಿಕೊಡುವಾಗ ಅವಳಿಗೂ ಪಾಠ ಗಟ್ಟಿಯಾಗುತ್ತದೆ. ಆದರೆ ಅದು ದಿನಕ್ಕೆ ಹತ್ತು ಹದಿನೈದು ನಿಮಿಷ ಇರಲಿ. ಹಿರಿಯ ಮಗಳನ್ನು ಮನೆಯ ಟೀಚರಮ್ಮ ಮಾಡಿ, ಅವಳ ಓದು, ಅವಳ ಆಟ ಕಿತ್ತುಕೊಳ್ಳಬಾರದು. ನಮ್ಮ ಮನೆಗಳಲ್ಲಿ ಇದು ಗೊತ್ತಿಲ್ಲದಂತೆ ನಡೆದುಹೋಗುತ್ತದೆ.

6. ಕಾನೂನು, ಪರೀಕ್ಷೆ, ದಾಖಲೆ

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಆ ಕಾಯ್ದೆಯಲ್ಲಿ ಹೆತ್ತವರಿಗೆ ದಂಡ ಇಲ್ಲ, ಹಾಗೆಂದು ಮನೆಯಲ್ಲಿ ಓದಿಸುವುದಕ್ಕೆ ಪ್ರತ್ಯೇಕ ಮಾನ್ಯತೆಯೂ ಇಲ್ಲ. ಇದನ್ನು ತಿಳಿದೇ ನಿರ್ಧಾರ ಮಾಡಿ.

ಮುಂದೆ ಪರೀಕ್ಷೆಗೆ ಹೆಚ್ಚಿನವರು ನೆಚ್ಚಿಕೊಳ್ಳುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯನ್ನು, ಅಂದರೆ ಎನ್‌ಐಒಎಸ್. ಅದರ ಎ, ಬಿ, ಸಿ ಹಂತಗಳು ಮೂರು, ಐದು, ಎಂಟನೇ ತರಗತಿಗೆ ಸಮ. ಹತ್ತನೇ ತರಗತಿ ಮಟ್ಟದ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಎಂಟರೊಳಗಿನ ಮಕ್ಕಳಿಗೆ ಈಗಲೇ ಇದರ ತಲೆಬಿಸಿ ಬೇಡ.

ದಾಖಲೆ ಮಾತ್ರ ಇವತ್ತಿನಿಂದಲೇ ಇಡಿ. ತಿಂಗಳಿಗೊಮ್ಮೆ ಪ್ರತಿ ಮಗುವಿನ ಒಂದು ಬರಹ, ಒಂದು ಲೆಕ್ಕದ ಹಾಳೆ, ಒಂದು ಚಿತ್ರ ತೆಗೆದು ದಿನಾಂಕ ಹಾಕಿ ಫೈಲಿಗೆ ಸೇರಿಸಿ. ಮಗು ಗಟ್ಟಿಯಾಗಿ ಓದುವುದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಮೊದಲ ನೋಟ್‌ಬುಕ್ ತೆರೆದು ಏಣಿಯಲ್ಲಿ ಯಾರು ಎಷ್ಟು ಮೆಟ್ಟಿಲು ಹತ್ತಿದರು ನೋಡಿ. ಒಂದೇ ಮೆಟ್ಟಿಲಲ್ಲಿ ನಿಂತಿದ್ದರೆ ಪಠ್ಯ ಪೂರ್ತಿ ಬದಲಾಯಿಸುವ ಮೊದಲು ಆ ಒಂದು ಮೆಟ್ಟಿಲನ್ನು ಮಾತ್ರ ಬೇರೆ ರೀತಿಯಲ್ಲಿ ಕಲಿಸಿ ನೋಡಿ. ಆದರೂ ಆಗದಿದ್ದರೆ ಕಣ್ಣು, ಕಿವಿ ಒಮ್ಮೆ ವೈದ್ಯರಿಗೆ ತೋರಿಸಿ.

ಮಕ್ಕಳೇ ಶಾಲೆಗೆ ಹೋಗುತ್ತೇವೆ ಎಂದರೂ ದಾರಿ ಮುಚ್ಚಿಲ್ಲ. ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಆರು ವರ್ಷ ದಾಟಿಯೂ ಶಾಲೆಗೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಮಗುವಿಗೆ ಇದೆ. ಸೇರಿಸಲು ಹೋಗುವಾಗ ಆ ಫೈಲನ್ನು ಜೊತೆಗೆ ಒಯ್ಯಿರಿ. ಮಗುವನ್ನು ಎಲ್ಲಿಂದ ಶುರುಮಾಡಿಸಬೇಕು ಎಂದು ಹೊಸ ಟೀಚರಿಗೆ ಅದರಿಂದ ತಿಳಿಯುತ್ತದೆ.