ಮಾವಿನ ಎಲೆಯಿಂದ ಕೊಬ್ಬರಿ ಎಣ್ಣೆ ಪೇಸ್ಟಿನ ತನಕ: ನನ್ನ ಅನುಭವ

2018ರ ಆಗಸ್ಟ್ ಮಳೆಯನ್ನು ಕೊಡಗಿನವರು ಯಾರೂ ಮರೆಯುವುದಿಲ್ಲ. ನಮ್ಮ ಮನೆ ಮಾದಾಪುರದ ಕಡೆ, ಡಾಂಬರು ರಸ್ತೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಇದೆ. ಗುಡ್ಡದ ಬರೆ ಕುಸಿದು ದಾರಿ ಮುಚ್ಚಿತು. ನಮ್ಮ ಮನೆಗೆ ಏನೂ ಆಗಲಿಲ್ಲ, ಅದೇ ದೊಡ್ಡ ಪುಣ್ಯ. ಆದರೆ ಎಷ್ಟೋ ದಿನ ಕರೆಂಟ್ ಇಲ್ಲ, ಅಂಗಡಿಗೆ ಹೋಗುವಂತಿಲ್ಲ. ಅಕ್ಕಿ, ಉಪ್ಪು, ಬೆಲ್ಲ, ಕಾಫಿಪುಡಿ ಮನೆಯಲ್ಲಿತ್ತು. ಮುಗಿದದ್ದು ಹಲ್ಲಿನ ಪೇಸ್ಟ್. ಟ್ಯೂಬನ್ನು ಕತ್ತರಿಯಲ್ಲಿ ಕತ್ತರಿಸಿ ಒಳಗೆ ಅಂಟಿದ್ದನ್ನು ಕೆರೆದದ್ದೂ ಎರಡೇ ದಿನಕ್ಕೆ ಖಾಲಿ.

ಮಾರನೇ ದಿನ ಬೆಳಗ್ಗೆ ಅತ್ತೆ ಕೊಡೆ ಹಿಡಿದು ಹಿತ್ತಲಿಗೆ ಹೋದರು. ಐದಾರು ಮಾವಿನ ಎಲೆ ಕಿತ್ತು ತಂದರು. ತೀರಾ ಚಿಗುರಲ್ಲ, ಬಲಿತು ಒರಟಾದದ್ದೂ ಅಲ್ಲ, ನಡುವಿನದ್ದು. ಎಲೆಯ ಉದ್ದಕ್ಕೂ ನಡುವಿನ ನರವನ್ನು ಸರ್ರನೆ ಸೀಳಿ ಬದಿಗಿಟ್ಟರು. ಉಳಿದ ಎರಡು ಹೋಳನ್ನು ಮಡಚಿ ತೋರುಬೆರಳಿಗೆ ಸುತ್ತಿಕೊಂಡು ಹಲ್ಲಿಗೆ ಉಜ್ಜತೊಡಗಿದರು. ನಾನೂ ಹಾಗೇ ಮಾಡಿದೆ. ಮೊದಲು ಎಲೆ ಕೀಚ್ ಕೀಚ್ ಅನ್ನುತ್ತೆ. ಆಮೇಲೆ ಜಜ್ಜಿ ಮೆತ್ತಗಾಗಿ, ಒಗರು ರಸ ಬಿಟ್ಟು, ಒಸಡು ಬಿಗಿಯಾದ ಹಾಗೆ ಅನ್ನಿಸುತ್ತೆ. ಕೊನೆಗೆ ಬದಿಗಿಟ್ಟ ಆ ನರವನ್ನು ಉದ್ದಕ್ಕೆ ಎರಡಾಗಿ ಸೀಳಿ, ಬಿಲ್ಲಿನ ಹಾಗೆ ಬಗ್ಗಿಸಿ ನಾಲಗೆ ಕೆರೆಯುವುದು. ಒಂದು ಎಲೆಯಲ್ಲಿ ಎಲ್ಲಾ ಮುಗಿಯಿತು, ಎಸೆದದ್ದು ಮಣ್ಣಿಗೆ ಹೋಯಿತು. ಬೇವಿನ ಕಡ್ಡಿ ಯಾಕಿಲ್ಲ ಅಂದರೆ, ನಮ್ಮ ಮಳೆಗೆ ಬೇವು ಸರಿಯಾಗಿ ಬರುವುದಿಲ್ಲ. ಅದು ಬಯಲುಸೀಮೆಯ ಮರ. ಹಾಗಾಗಿ ನಮ್ಮ ಹಿರಿಯರು ಮಾವು ಹಿಡಿದರು. ಮಾವಿನ ಸೊನೆ ಮೈಗೆ ಆಗದವರು ಮಾತ್ರ ಇದನ್ನು ಮಾಡಬೇಡಿ, ತುಟಿ ತುರಿಸಿ ಊದಿಕೊಳ್ಳುತ್ತದೆ.

ಆ ದಿನಗಳು ಕಳೆದ ಮೇಲೆ ನನಗೆ ಒಂದು ಹಟ ಹುಟ್ಟಿತು. ಮನೆಯಲ್ಲೇ ಹಲ್ಲಿಗೆ ಬೇಕಾದ್ದು ಮಾಡಿಕೊಳ್ಳಬೇಕು ಅಂತ. ಅತ್ತೆ ತಮ್ಮ ಅಮ್ಮನ ಕಾಲದ ಪುಡಿ ಹೇಳಿಕೊಟ್ಟರು. ಭತ್ತದ ಹೊಟ್ಟನ್ನು ಗುಡ್ಡೆ ಹಾಕಿ ನಿಧಾನ ಸುಡುವುದು. ಪೂರ್ತಿ ಬೂದಿಯಾಗುವ ಮೊದಲು, ಕಪ್ಪಗಿರುವಾಗಲೇ ನೀರು ಚಿಮುಕಿಸಿ ಆರಿಸುವುದು. ಒಣಗಿದ ಮೇಲೆ ಕುಟ್ಟಿ, ಕಲ್ಲುಪ್ಪು ಮತ್ತು ನಾಲ್ಕು ಕಾಳುಮೆಣಸು ಸೇರಿಸುವುದು. ಮಾಡಿದೆ. ಒಂದು ತಿಂಗಳಿಗೇ ಹಲ್ಲು ಫಳಫಳ. ಮನೆಗೆ ಬಂದವರಿಗೆಲ್ಲ ಡಬ್ಬಿಯಲ್ಲಿ ಹಾಕಿ ಕೊಟ್ಟೆ.

ನಾಲ್ಕನೇ ತಿಂಗಳಿಗೆ, ಡಿಸೆಂಬರ್ ಚಳಿಯಲ್ಲಿ, ಬೆಳಗ್ಗೆ ನಲ್ಲಿ ನೀರು ಬಾಯಿಗೆ ಹಾಕಿದರೆ ಎಡಗಡೆ ಕೋರೆಹಲ್ಲಿನ ಬುಡದಿಂದ ಕಿವಿಯವರೆಗೆ ಝುಂ ಅಂತ ಹೊಡೆಯಿತು. ಬಿಸಿ ಕಾಫಿಗೂ ಹಾಗೇ. ದಂತ ವೈದ್ಯರ ಹತ್ತಿರ ಹೋದೆ. ಅವರು ಪುಟ್ಟ ಕನ್ನಡಿ ಹಿಡಿದು ತೋರಿಸಿದರು. ಒಸಡಿನ ಅಂಚಿನಲ್ಲಿ, ಹಲ್ಲಿನ ಬುಡದಲ್ಲಿ, ಉಗುರು ತಾಗಿದರೆ ಸಿಕ್ಕಿಕೊಳ್ಳುವಂತಹ ಸಣ್ಣ ಕಚ್ಚು. ಮೂರು ಹಲ್ಲಿನಲ್ಲಿ ಇತ್ತು. ಏನು ಹಾಕಿ ಉಜ್ಜುತ್ತೀರಿ ಅಂತ ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ, ಕೂರಿಸಿಕೊಂಡು ವಿವರಿಸಿದರು.

ಭತ್ತದ ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ. ಮರಳಿನಲ್ಲಿರುವುದೂ ಅದೇ. ಸುಟ್ಟರೆ ಅದು ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಹಲ್ಲಿನ ಮೇಲ್ಪದರ, ಅಂದರೆ ಎನಾಮೆಲ್, ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ. ಆದರೂ ಸಿಲಿಕಾ ಅದನ್ನು ಸವೆಸಬಲ್ಲದು. ಒಸಡಿನ ಕೆಳಗೆ ಎನಾಮೆಲ್ ಇರುವುದೇ ಇಲ್ಲ. ಅಲ್ಲಿರುವುದು ಮೆತ್ತಗಿನ ಒಳಪದರ, ಡೆಂಟಿನ್. ಅದು ಬೇಗ ಸವೆಯುತ್ತದೆ. ಮೂಳೆ ಮುರಿದರೆ ಕೂಡುತ್ತದೆ, ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ನನ್ನ ಹಲ್ಲು ಫಳಫಳ ಅಂದದ್ದು ಕೊಳೆ ಹೋಗಿ ಮಾತ್ರ ಅಲ್ಲ, ಹಲ್ಲೇ ಸವೆದು. ಇದು ತಿಳಿದಾಗ ನಿಜವಾಗಿ ಸಂಕಟ ಆಯಿತು. ಪುಡಿ ಕೊಟ್ಟವರ ಮನೆಮನೆಗೆ ಹೋಗಿ ಡಬ್ಬಿ ವಾಪಸ್ ತಂದೆ.

ಅಂದಿನಿಂದ ಯಾವ ಪುಡಿಯಾದರೂ ಮೊದಲು ಪರೀಕ್ಷೆ ಮಾಡಿಯೇ ಬಾಯಿಗೆ ಹಾಕುವುದು. ಎರಡು ಚಿಟಿಕೆ ಪುಡಿಯನ್ನು ಒಂದು ಹನಿ ನೀರಲ್ಲಿ ಕಲಸಿ, ಒಂದು ಹಳೇ ಸಿ.ಡಿ.ಯ ಹೊಳೆಯುವ ಬದಿಗೆ ಬೆರಳಿನಿಂದ ಐವತ್ತು ಸಲ ಉಜ್ಜಿ ತೊಳೆದು, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಹೊಟ್ಟಿನ ಕರಿ ಹಾಕಿದ ಜಾಗ ಮಂಜು ಕವಿದ ಹಾಗೆ ಮಬ್ಬಾಗಿತ್ತು. ಅಡುಗೆ ಸೋಡಾ ಹಾಕಿದ ಜಾಗದಲ್ಲಿ ಹುಡುಕಿದರೆ ಒಂದೆರಡು ಗೀರು. ಸಿ.ಡಿ. ಹಲ್ಲಿಗಿಂತ ತುಂಬಾ ಮೆತ್ತಗಿನದು, ಹಾಗಾಗಿ ಇದು ಅಳತೆ ಅಲ್ಲ. ಎರಡು ಪುಡಿಯಲ್ಲಿ ಯಾವುದು ಒರಟು ಅಂತ ಗೊತ್ತಾಗಲು ಇಷ್ಟು ಸಾಕು. ಈಗ ಎಲ್ಲೆಲ್ಲೂ ಕಾಣುವ ಇದ್ದಿಲಿನ ಪುಡಿಗಳನ್ನು ನಾನು ಮುಟ್ಟದೇ ಇರುವುದು ಇದಕ್ಕೇ.

ಈಗ ನಾನು ಮಾಡುವ ಪೇಸ್ಟ್ ಹೀಗೆ. ನಾಲ್ಕು ಚಮಚ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ. ಆಹಾರಕ್ಕೆ ಬಳಸುವ ದರ್ಜೆಯದ್ದೇ ಆಗಬೇಕು, ಮೈದಾದಷ್ಟು ನಯ ಇರಬೇಕು. ಇದನ್ನು ಮೈಸೂರಿನಿಂದ ತರಿಸುತ್ತೇನೆ. ಎರಡು ಚಮಚ ಅಡುಗೆ ಸೋಡಾ. ಕಾಲು ಚಮಚ ಲವಂಗದ ಪುಡಿ. ಒಂದು ಚಿಟಿಕೆ ಪುಡಿ ಉಪ್ಪು. ಇವನ್ನೆಲ್ಲ ಒಣಗಿದ ಬಟ್ಟಲಲ್ಲಿ ಕಲಸಿ, ಮೂರು ನಾಲ್ಕು ಚಮಚ ಕೊಬ್ಬರಿ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬೆರಳಲ್ಲಿ ಅರೆಯುವುದು. ಚಟ್ನಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆದು. ನೊರೆ ಬರುವುದಿಲ್ಲ. ಮೊದಲ ವಾರ ಏನೋ ಕಡಿಮೆ ಅನ್ನಿಸುತ್ತದೆ, ಆಮೇಲೆ ಅಭ್ಯಾಸ ಆಗುತ್ತದೆ. ನೊರೆಗೂ ಹಲ್ಲು ಶುದ್ಧವಾಗುವುದಕ್ಕೂ ಅಂತಹ ಸಂಬಂಧ ಇಲ್ಲ.

ಕ್ಯಾಲ್ಸಿಯಂ ಅಂದ ಕೂಡಲೇ ಎಲೆಯಡಿಕೆಯ ಸುಣ್ಣ ಹಾಕಬಹುದಾ ಅಂತ ಸುಮಾರು ಜನ ಕೇಳಿದ್ದಾರೆ. ಖಂಡಿತ ಬೇಡ. ಅದು ಬೇರೆ ವಸ್ತು, ಒಸಡು ಸುಟ್ಟು ಹೋಗುತ್ತದೆ. ಶಾಲೆಯ ಸೀಮೆಸುಣ್ಣವೂ ಬೇಡ. ಅದರಲ್ಲಿ ಹೆಚ್ಚಿನದು ಜಿಪ್ಸಂ, ಬಾಯಿಗೆ ಹಾಕಲು ಮಾಡಿದ್ದಲ್ಲ.

ಲವಂಗ ನಮ್ಮ ಹಿತ್ತಲಿನದೇ. ಮೊಗ್ಗು ಹಸಿರಿನಿಂದ ಗುಲಾಬಿಗೆ ತಿರುಗುವ ಹೊತ್ತಿಗೆ ಗೊಂಚಲು ಸಮೇತ ಕೀಳಬೇಕು. ಹೂ ಅರಳಿಬಿಟ್ಟರೆ ಅದು ಲವಂಗವಾಗಿ ಪ್ರಯೋಜನ ಇಲ್ಲ. ನಾಲ್ಕೈದು ಒಳ್ಳೆ ಬಿಸಿಲಲ್ಲಿ ಒಣಗಿಸಿದರೆ ಕಂದು ಬಣ್ಣ ಬಂದು, ಮುರಿದರೆ ಟಕ್ ಅನ್ನುತ್ತದೆ. ಕುಟ್ಟಿದ ಪುಡಿಯನ್ನು ಹಳೇ ಮಲ್ ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸುತ್ತೇನೆ. ಜರಡಿಯಲ್ಲಿ ಸೋಸಿದರೆ ಸಾಲದು. ನಾರು ಉಳಿದು ಒಸಡಿನ ಸಂದಿಗೆ ಚುಚ್ಚುತ್ತದೆ. ಲವಂಗದ ಎಣ್ಣೆ ಹಾಕುವುದಾದರೆ ಈ ಅಳತೆಗೆ ಒಂದೇ ಹನಿ. ಕಾಳುಮೆಣಸು, ದಾಲ್ಚಿನ್ನಿ ಎರಡನ್ನೂ ಬಿಟ್ಟುಬಿಟ್ಟೆ, ಬಾಯಿ ಉರಿಯುತ್ತದೆ.

ಲವಂಗದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದರಲ್ಲಿರುವ ಯೂಜೆನಾಲ್ ನೋವನ್ನು ಮರಗಟ್ಟಿಸುತ್ತದೆ, ಹುಳುಕನ್ನು ಗುಣಪಡಿಸುವುದಿಲ್ಲ. ಕೆಳಗಿನ ದವಡೆ ಹಲ್ಲು ನೋವು ಬಂದಾಗ ನಾನು ಮೂರು ವಾರ ಲವಂಗ ಕಚ್ಚಿಕೊಂಡೇ ಕಾಫಿ ಕೊಯ್ಲು ಮುಗಿಸಿದೆ. ನೋವು ಹೋಯಿತು ಅಂದುಕೊಂಡಿದ್ದೆ. ಹುಳುಕು ಅಷ್ಟರಲ್ಲಿ ಬೇರಿಗೆ ಇಳಿದಿತ್ತು. ಮೊದಲೇ ಹೋಗಿದ್ದರೆ ಸಣ್ಣದಾಗಿ ತುಂಬಿಸಿ ಮುಗಿಯುತ್ತಿದ್ದದ್ದು ರೂಟ್ ಕೆನಾಲ್ ಆಯಿತು. ಲವಂಗ ಆಸ್ಪತ್ರೆ ತಲುಪುವ ತನಕ ಮಾತ್ರ. ನಮ್ಮ ಜಿಲ್ಲೆಯಲ್ಲೇ, ವಿರಾಜಪೇಟೆಯಲ್ಲಿ, ದಂತ ವೈದ್ಯಕೀಯ ಕಾಲೇಜು ಇದೆ. ದಯವಿಟ್ಟು ತಡ ಮಾಡಬೇಡಿ.

ಮಳೆಗಾಲದ ಕಥೆ ಬೇರೆ. ಮೊದಲ ವರ್ಷ ರುಚಿಗೆ ಅಂತ ಪೇಸ್ಟಿಗೆ ಜೇನು ಮತ್ತು ಎರಡು ಚಮಚ ನೀರು ಹಾಕಿದ್ದೆ. ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಹನ್ನೊಂದನೇ ದಿನ ಮುಚ್ಚಳ ತೆಗೆದರೆ ಅಂಚಿನಲ್ಲಿ ಬೂದು ಬಣ್ಣದ ಮೆತ್ತನೆ ಕೂದಲು. ಮೇಲಿಂದ ತೆಗೆದು ಕೆಳಗಿನದು ಬಳಸೋಣ ಅನ್ನಿಸಿತು. ಬೂಸ್ಟಿನ ಬೇರು ಕಣ್ಣಿಗೆ ಕಾಣುವುದಿಲ್ಲ. ಎಲ್ಲಾ ಚೆಲ್ಲಿದೆ. ಈಗ ನೀರು ಒಂದು ಹನಿಯೂ ಇಲ್ಲ, ಜೇನು ಇಲ್ಲ. ಎಣ್ಣೆಯಲ್ಲಿ ಬೂಸ್ಟು ಸುಲಭಕ್ಕೆ ಬೆಳೆಯುವುದಿಲ್ಲ. ಹದಿನೈದು ದಿನಕ್ಕೆ ಆಗುವಷ್ಟೇ ಮಾಡುವುದು. ಒದ್ದೆ ಬ್ರಷ್ ಡಬ್ಬಿಗೆ ಅದ್ದುವಂತಿಲ್ಲ, ಒಣ ಚಮಚದ ಹಿಡಿಯಿಂದ ತೆಗೆದು ಬ್ರಷ್‌ಗೆ ಹಚ್ಚುವುದು. ಮನೆಯ ಪ್ರತಿಯೊಬ್ಬರಿಗೂ ಬೇರೆ ಡಬ್ಬಿ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಪೇಸ್ಟ್ ಕಲ್ಲಾಗಿ ಕೂತಿರುತ್ತದೆ. ಬಿಸಿನೀರಿನ ಹಂಡೆಯ ಮುಚ್ಚಳದ ಮೇಲೆ ಎರಡು ನಿಮಿಷ ಇಟ್ಟರೆ ಸಾಕು. ಏಪ್ರಿಲ್‌ನಲ್ಲಿ ಎಣ್ಣೆ ಮೇಲೆ ತೇಲಿ ಪುಡಿ ಕೆಳಗೆ ಕೂರುತ್ತದೆ. ಆಗ ಎಣ್ಣೆ ಒಂದು ಚಮಚ ಕಡಿಮೆ ಹಾಕುತ್ತೇನೆ. ಉಗಿಯುವುದು ಬಾಳೆ ಬುಡಕ್ಕೆ. ಸಿಂಕಿಗೆ ಉಗಿದರೆ ಚಳಿಗಾಲದಲ್ಲಿ ಪೈಪ್ ಕಟ್ಟಿಕೊಳ್ಳುತ್ತದೆ.

ಪೇಸ್ಟ್ ಎಷ್ಟೇ ಒಳ್ಳೆಯದಿರಲಿ, ನಮ್ಮ ಹಲ್ಲು ಹಾಳಾಗುವುದು ಬೇರೆ ಕಡೆಯಿಂದ. ವೈದ್ಯರು ನನ್ನನ್ನು ಕೇಳಿದ ಎರಡನೇ ಪ್ರಶ್ನೆ, ದಿನಕ್ಕೆ ಎಷ್ಟು ಸಲ ಕಾಫಿ ಅಂತ. ನಾವು ಕುಡಿಯುವುದು ಬೆಲ್ಲದ ಕಾಫಿ. ಬೆಳಗ್ಗೆ ಎದ್ದಾಗ, ತಿಂಡಿಗೆ, ತೋಟದಿಂದ ಬಂದಾಗ, ನೆಂಟರು ಬಂದಾಗ. ಲೆಕ್ಕ ಹಾಕಿದರೆ ಏಳು ಸಲ. ಅದೂ ಗುಟುಕು ಗುಟುಕಾಗಿ ಅರ್ಧ ಗಂಟೆ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅಂತ ನಾವು ನಂಬಿದ್ದೇವೆ, ಹಲ್ಲಿನ ಬ್ಯಾಕ್ಟೀರಿಯಾಕ್ಕೆ ಎರಡೂ ಒಂದೇ. ಅದು ಸಿಹಿ ತಿಂದು ಆಮ್ಲ ಬಿಡುತ್ತದೆ. ಹಲ್ಲಿನ ಮೇಲಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್ ಕರಗಲು ಶುರು. ಮತ್ತೆ ಜೊಲ್ಲು ಅದನ್ನು ಸರಿಗೆ ತರಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಲೋಟ ಬಂದರೆ? ಹಲ್ಲಿಗೆ ಬಿಡುವೇ ಇಲ್ಲ. ನಾನು ಬೆಲ್ಲದ ಕಾಫಿಯನ್ನು ಎರಡಕ್ಕೆ ಇಳಿಸಿದೆ, ಅದೂ ತಿಂಡಿ ಊಟದ ಜೊತೆಗೆ. ಉಳಿದದ್ದು ಬೆಲ್ಲ ಇಲ್ಲದ ಕಾಫಿ. ನನ್ನ ಹಲ್ಲಿಗೆ ಪೇಸ್ಟಿಗಿಂತ ಇದೇ ಹೆಚ್ಚು ಉಪಕಾರ ಮಾಡಿತು ಅಂತ ನನ್ನ ನಂಬಿಕೆ.

ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿರಸ), ಕಿತ್ತಳೆ, ನಿಂಬೆ ಇವೆಲ್ಲ ನೇರವಾಗಿಯೇ ಹುಳಿ. ಪಂದಿಕರಿಗೆ ಕಾಚಂಪುಳಿ ಬಿಡಿ ಅಂತ ನಾನು ಹೇಳುವುದಿಲ್ಲ. ತಿಂದ ಕೂಡಲೇ ಹಲ್ಲುಜ್ಜಬೇಡಿ, ಅಷ್ಟೇ. ಹುಳಿಗೆ ಮೆತ್ತಗಾದ ಹಲ್ಲು ಬ್ರಷ್‌ಗೆ ಸವೆಯುತ್ತದೆ. ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಹಲ್ಲು ಬೆಳ್ಳಗಾಗುತ್ತದೆ ಅಂತ ನಿಂಬೆರಸಕ್ಕೆ ಸೋಡಾ ಹಾಕಿ ಉಜ್ಜುವವರನ್ನು ನೋಡಿದ್ದೇನೆ, ಅದಂತೂ ಬೇಡವೇ ಬೇಡ.

ಇನ್ನು ಫ್ಲೋರೈಡ್. ಮನೆಯ ಪೇಸ್ಟಿನಲ್ಲಿ ಅದು ಇಲ್ಲ. ಮೊದಲು ಇದನ್ನೇ ದೊಡ್ಡ ಗುಣ ಅಂದುಕೊಂಡಿದ್ದೆ. ಪಾವಗಡ, ಕೋಲಾರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಮಕ್ಕಳ ಹಲ್ಲು ಕಂದಾಗಿರುವುದನ್ನು ನೋಡಿ ಹೆದರಿದ್ದೆ. ವೈದ್ಯರು ಹೇಳಿದ್ದು ಹೀಗೆ: ಅದು ವರ್ಷಗಟ್ಟಲೆ ಕುಡಿದು ಹೊಟ್ಟೆಗೆ ಹೋದದ್ದು. ಪೇಸ್ಟಿನದು ಹಲ್ಲಿನ ಮೇಲೆ ಕೂತು, ಕರಗಿದ ಜಾಗಕ್ಕೆ ಖನಿಜ ಮರಳಿ ಸೇರಲು ನೆರವಾಗುತ್ತದೆ, ಆಮೇಲೆ ಉಗಿದುಬಿಡುತ್ತೇವೆ. ಹುಳುಕು ತಡೆಯುವ ಕೆಲಸದಲ್ಲಿ ನನ್ನ ಲವಂಗ, ಸೋಡಾ ಅದರ ಸಮಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಬೆಳಗ್ಗೆ ಮನೆಯ ಪೇಸ್ಟ್, ರಾತ್ರಿ ಮಲಗುವ ಮುಂಚೆ ಅಂಗಡಿಯ ಫ್ಲೋರೈಡ್ ಪೇಸ್ಟ್. ರಾತ್ರಿ ಉಗಿದ ಮೇಲೆ ನೀರು ಹಾಕಿ ಜಾಸ್ತಿ ಮುಕ್ಕಳಿಸುವುದಿಲ್ಲ. ಮಕ್ಕಳಿಗೆ ಮಾತ್ರ ಎರಡು ಹೊತ್ತೂ ಫ್ಲೋರೈಡ್ ಪೇಸ್ಟೇ. ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಷ್ಟು, ಆರು ವರ್ಷದ ತನಕ ಬಟಾಣಿ ಕಾಳಷ್ಟು, ದೊಡ್ಡವರು ಪಕ್ಕದಲ್ಲಿ ನಿಂತು.

ತೋಟದ ಕೆಲಸಕ್ಕೆ ಬರುವ ಕೆಲವು ಅಕ್ಕಂದಿರು ಹೊಗೆಸೊಪ್ಪಿನ ಪುಡಿಯನ್ನು ಒಸಡಿಗೆ ತಿಕ್ಕುತ್ತಿದ್ದರು, ಹಲ್ಲುನೋವಿಗೆ ಒಳ್ಳೆಯದು ಅಂತ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿ, ಪೇಸ್ಟನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಬಾಯಿ ಕ್ಯಾನ್ಸರ್ ತರುವ ವಸ್ತು ಅದು. ಬಿಡಿ ಅಂತ ಬರೀ ಹೇಳಿದರೆ ಆಗುವುದಿಲ್ಲ, ಕೈಗೆ ಬೇರೆ ಏನಾದರೂ ಕೊಡಬೇಕು. ನಾನು ಸೀಬೆ ಎಲೆಯ ಕಷಾಯ ಕೊಟ್ಟೆ. ಐದಾರು ಎಳೆ ಎಲೆಯನ್ನು ಎರಡು ಲೋಟ ನೀರಲ್ಲಿ ಕುದಿಸಿ ಒಂದು ಲೋಟಕ್ಕೆ ಇಳಿಸುವುದು. ಉಗುರು ಬೆಚ್ಚಗಾದ ಮೇಲೆ ಚಿಟಿಕೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುವುದು. ಅವರಲ್ಲಿ ಇಬ್ಬರು ಪುಡಿ ಪೂರ್ತಿ ಬಿಟ್ಟಿದ್ದಾರೆ. ಒಬ್ಬರ ಕೆನ್ನೆಯ ಒಳಗೆ ಬಿಳಿ ಕಲೆ ಕಂಡು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆರು ತಿಂಗಳಿಗೊಮ್ಮೆ ಬಂದು ತೋರಿಸಲು ಹೇಳಿದ್ದಾರೆ. ದಿನ ನೆನಪಿಡುವ ಕೆಲಸ ನನ್ನದು.

ನನ್ನ ಹಲ್ಲಿನ ಕಚ್ಚು ಹಾಗೇ ಇದೆ. ತುಂಬಿಸಿದ್ದು ಒಂದನ್ನು ಮಾತ್ರ. ಉಳಿದ ಎರಡು ಮುಂದುವರಿದಿಲ್ಲ, ಮೆತ್ತನೆ ಬ್ರಷ್ ಹಿಡಿದು ಒತ್ತದೆ ಉಜ್ಜುತ್ತೇನೆ. ಅತ್ತೆಗೆ ಈಗ ಎಪ್ಪತ್ತೆಂಟು. ಅವರು ನನ್ನ ಪೇಸ್ಟ್ ಮುಟ್ಟುವುದಿಲ್ಲ. ಬೆಳಗ್ಗೆ ಈಗಲೂ ಹಿತ್ತಲಿಗೆ ಹೋಗಿ ಒಂದು ಮಾವಿನ ಎಲೆ ಕೀಳುತ್ತಾರೆ. ರಾತ್ರಿ ಮಾತ್ರ ನಾನು ಬ್ರಷ್‌ಗೆ ಪೇಸ್ಟ್ ಹಚ್ಚಿ ಕೈಗೆ ಕೊಟ್ಟರೆ, ಬೇಡ ಅನ್ನದೆ ಉಜ್ಜಿಕೊಳ್ಳುತ್ತಾರೆ.