ರಾಸ್ಟರೈಸ್ ಮಾಡಿದ್ರೆ ಬರೀ ಸೊನ್ನೆ ಬರ್ತಿದೆಯಾ? ಮೊದಲು ಬೌಂಡ್ಸ್ ನೋಡಿ

ಪೈಥಾನ್‌ನಲ್ಲಿ ಶೇಪ್‌ಫೈಲನ್ನು (ಬಿಂದು, ಗೆರೆ, ಪಾಲಿಗನ್ ಅಂದರೆ ಬಹುಭುಜಗಳಿರುವ ವೆಕ್ಟರ್ ನಕ್ಷೆ) ರಾಸ್ಟರ್ (ಪಿಕ್ಸೆಲ್‌ಗಳ ಚಿತ್ರ) ಮಾಡಿದಾಗ ಎರರ್ ಏನೂ ಇಲ್ಲದೆ ಪೂರ್ತಿ ಕಪ್ಪು ಚಿತ್ರ ಬಂದರೆ, ಬೇರೆ ಕೋಡ್ ಮುಟ್ಟಬೇಡಿ. ವೆಕ್ಟರ್‌ನ ಟೋಟಲ್ ಬೌಂಡ್ಸ್ (ನಾಲ್ಕೂ ಕಡೆಯ ಗಡಿಯ ಸಂಖ್ಯೆಗಳು), ರಾಸ್ಟರ್‌ನ ಬೌಂಡ್ಸ್ ಎರಡನ್ನೂ ಒಂದರ ಕೆಳಗೊಂದು ಪ್ರಿಂಟ್ ಮಾಡಿ. ಬೆಂಗಳೂರಿನ ಡೇಟಾ ಆದರೆ ಒಂದು ಕಡೆ 77.59, 12.97 ಅಂತಲೂ ಇನ್ನೊಂದು ಕಡೆ 7.8 ಲಕ್ಷ, 14.3 ಲಕ್ಷದ ಆಸುಪಾಸಿನ ಸಂಖ್ಯೆಗಳೂ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಮೊದಲನೆಯದು ಡಿಗ್ರಿ, ಎರಡನೆಯದು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಜಾಗ ಗುರುತಿಸುವ ಪದ್ಧತಿ) 43 ಉತ್ತರ ವಲಯದ ಮೀಟರ್. ರಾಸ್ಟರ್‌ಗಳ ಪೈಥಾನ್ ಲೈಬ್ರರಿಯಾದ ರಾಸ್ಟರಿಯೋದ ರಾಸ್ಟರೈಸ್ ಫಂಕ್ಷನ್ ಸಿಆರ್‌ಎಸ್ (ಸಂಖ್ಯೆಗಳು ಯಾವ ನಿರ್ದೇಶಾಂಕ ಪದ್ಧತಿಯವು ಎಂಬುದು) ನೋಡುವುದೇ ಇಲ್ಲ, ಕೊಟ್ಟ ಸಂಖ್ಯೆಯನ್ನು ಸುಮ್ನೆ ನಂಬುತ್ತದೆ; ಹಾಗಾಗಿ ವೆಕ್ಟರ್ ರಾಸ್ಟರ್‌ನ ಹೊರಗೆ ಬಿದ್ದು ಬರೀ ಸೊನ್ನೆ ಬರುತ್ತದೆ. ವೆಕ್ಟರ್ ಡೇಟಾದ ಲೈಬ್ರರಿಯಾದ ಜಿಯೋಪಾಂಡಾಸ್‌ನ 'ಟು ಸಿಆರ್‌ಎಸ್' ಬಳಸಿ ವೆಕ್ಟರನ್ನು ರಾಸ್ಟರ್‌ನ ಸಿಆರ್‌ಎಸ್‌ಗೆ ತನ್ನಿ. ಟ್ರಾನ್ಸ್‌ಫಾರ್ಮ್ (ಪಿಕ್ಸೆಲ್ ಯಾವ ಜಾಗದ್ದು ಎಂದು ಹೇಳುವ ಲೆಕ್ಕ), ಎತ್ತರ, ಅಗಲ ಮೂರನ್ನೂ ಅದೇ ರಾಸ್ಟರ್‌ನಿಂದಲೇ ತೆಗೆದುಕೊಳ್ಳಿ. ಇಲ್ಲಿ ಜಾಸ್ತಿ ಜನ ಎಡವುವುದು 'ಸೆಟ್ ಸಿಆರ್‌ಎಸ್' ಬಳಸಿ. ಅದು ಹೆಸರಿನ ಚೀಟಿ ಅಂಟಿಸುತ್ತದೆ ಅಷ್ಟೇ, ಸಂಖ್ಯೆ ಬದಲಾಗಲ್ಲ. ಶೇಪ್‌ಫೈಲ್‌ನ ಸಿಆರ್‌ಎಸ್ ಬರೆದಿರುವ ಪಿಆರ್‌ಜೆ ಫೈಲ್ ಕಳೆದುಹೋಗಿದ್ದರೆ ಮಾತ್ರ ಅದು ಬೇಕು, ಅದೂ ಮೂಲ ಸಿಆರ್‌ಎಸ್ ಯಾವುದೆಂದು ಖಾತ್ರಿ ಇದ್ದಾಗ.

ಬೌಂಡ್ಸ್ ಸರಿಯಿದ್ದೂ ಕೆಲವು ಪಾಲಿಗನ್ ಮಾಯವಾಗಿದ್ದರೆ ಈ ಉಪಾಯ ನಡೆಯಲ್ಲ. ಪಿಕ್ಸೆಲ್‌ನ ನಡುಬಿಂದು ಪಾಲಿಗನ್ ಒಳಗಿದ್ದರೆ ಮಾತ್ರ ಬಣ್ಣ ಬೀಳುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ 30 ಮೀಟರ್ ಪಿಕ್ಸೆಲ್‌ನಲ್ಲಿ 10 ಮೀಟರ್ ಅಗಲದ ಕೃಷಿ ಹೊಂಡ ಹೇಗೆ ಕಾಣಬೇಕು, ಅಲ್ವಾ? ರಾಸ್ಟರೈಸ್‌ನ 'ಆಲ್ ಟಚ್ಡ್' ಆಯ್ಕೆಯನ್ನು (ಪಾಲಿಗನ್ ಮುಟ್ಟಿದ ಎಲ್ಲ ಪಿಕ್ಸೆಲ್‌ಗೂ ಬಣ್ಣ) ಟ್ರೂ ಮಾಡಿದರೆ ಹೊಂಡ ಬರುತ್ತದೆ, ಆದರೆ ಊದಿಕೊಂಡು ಬರುತ್ತದೆ. ವಿಸ್ತೀರ್ಣ ಲೆಕ್ಕಕ್ಕೆ ಅದನ್ನು ಬಳಸಬೇಡಿ.