ಇನ್‌ಸ್ಪೆಕ್ಷನ್‌ಗೆ ತಯಾರಿ ಬಿಟ್ಟ ಮೇಲೆ ನಾಲ್ಕು ಸ್ಟಾರ್ ಬಂತು

ನಮ್ಮದು ರಾಣೆಬೆನ್ನೂರಿನಲ್ಲಿ ಹೊಲಿಗೆ ತರಬೇತಿ ಕೇಂದ್ರ. ಕೇಂದ್ರ ಸರ್ಕಾರದ ಕೌಶಲ್ಯ ತರಬೇತಿ ಯೋಜನೆ ಪಿಎಂಕೆವಿವೈ 2.0 ಕಾಲದಲ್ಲಿ, ತರಬೇತಿ ಕೇಂದ್ರಗಳಿಗೆ ಮಾನ್ಯತೆ ಮತ್ತು ಸ್ಟಾರ್ ಕೊಡುತ್ತಿದ್ದ ಸ್ಮಾರ್ಟ್ ಪೋರ್ಟಲ್‌ಗೆ ಅರ್ಜಿ ಹಾಕಲು ಒಬ್ಬ ಕನ್ಸಲ್ಟೆಂಟ್‌ಗೆ ಹತ್ತಿರಹತ್ತಿರ 20 ಸಾವಿರ ಕೊಟ್ಟೆವು. ಆತ ಬೇರೆ ಯಾವುದೋ ಸೆಂಟರ್‌ನ ಲ್ಯಾಬ್ ಫೋಟೊ ಹಾಕಿದ್ದ. ಸ್ಥಳಕ್ಕೆ ಬರುವ ಮುಂಚೆ ದಾಖಲೆ, ಫೋಟೊ ನೋಡಿ ಮಾಡುವ ಡೆಸ್ಕ್‌ಟಾಪ್ ಅಸೆಸ್‌ಮೆಂಟ್‌ನಲ್ಲೇ 'ಡೀಮ್ಡ್ ನಾಟ್ ರೆಡಿ', ಅಂದರೆ ಕೇಂದ್ರ ಇನ್ನೂ ಸಿದ್ಧವಿಲ್ಲ ಅಂತ ಬಂತು. ಫೀಸ್ ಹೋಯಿತು. ಬ್ಯಾಚ್ ಇಲ್ಲದೆ ಮೂರ್ನಾಲ್ಕು ತಿಂಗಳ ಬಾಡಿಗೆ ಕೈಯಿಂದ ಕಟ್ಟಬೇಕಾಯಿತು.

ಎರಡನೇ ಸಲ ಅರ್ಜಿ ಹಾಕಲು ನಾನೇ ಕೂತೆ. ಇನ್‌ಸ್ಪೆಕ್ಷನ್‌ಗೆ ಅಂತ ಬೇರೆ ತಯಾರಿ ಮಾಡೋದು ಬಿಟ್ಟು, ದಿನಾ ತಪಾಸಣೆ ಶುರು ಮಾಡಿದೆ. ತರಗತಿಯ ಕೊನೆಯ ಕಾಲು ಗಂಟೆ ಒಬ್ಬ ಕಲಿಕಾರ್ಥಿಯೇ ಆ ದಿನದ ಇನ್‌ಸ್ಪೆಕ್ಟರ್. ಮೆಷಿನ್, ಕತ್ತರಿ, ಅಗ್ನಿಶಾಮಕ ಸಿಲಿಂಡರ್‌ನ ತಾರೀಖು, ಹಾಜರಿ, ಎಲ್ಲ ಅವರೇ ನೋಡಿ ತಪಾಸಣೆ ಪುಸ್ತಕದಲ್ಲಿ ಬರೆಯಬೇಕು. "ಕಲಿಯೋಕೆ ಬಂದವರ ಕೈಲಿ ಆಡಿಟ್ ಮಾಡಿಸ್ತೀರಾ ಮೇಡಂ?" ಅಂತ ಪಕ್ಕದ ಸೆಂಟರ್‌ನವರು ನಕ್ಕರು. ಇನ್‌ಸ್ಪೆಕ್ಷನ್ ದಿನ ಅಧಿಕಾರಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಬಗ್ಗೆ ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಹಿಂದಿನ ಸಾಲಿನ ಹೆಣ್ಣುಮಗಳೊಬ್ಬಳು ಪುಸ್ತಕ ತೆಗೆದು, ಅದು ಯಾವತ್ತು ಕೆಟ್ಟಿತು, ಯಾರು ರಿಪೇರಿ ಮಾಡಿದರು ಅಂತ ತೋರಿಸಿದಳು.

ಕೇಂದ್ರಕ್ಕೆ ಐದರಲ್ಲಿ ಇಷ್ಟು ಅಂತ ಸ್ಟಾರ್ ಕೊಡುವಾಗ ಕಟ್ಟಡ, ಸಲಕರಣೆಗೆ ತೂಕ ಜಾಸ್ತಿ ಇತ್ತು. ಹೊಲಿಗೆ ಬಂತೋ ಇಲ್ವೋ ಅನ್ನೋದು ಅಲ್ಲಿ ಹೇಗೆ ಕಾಣಬೇಕು? ಅದಕ್ಕೇ ಒಂದೊಂದು ರಟ್ಟಿನ ಮೇಲೆ ಒಬ್ಬೊಬ್ಬ ಕಲಿಕಾರ್ಥಿ ಹೊಲಿದ ಎರಡೆರಡು ರವಿಕೆ ತೋಳು ಪಿನ್ ಮಾಡಿಸಿದೆ. ಒಂದು ಮೊದಲ ವಾರದ್ದು, ಸುಕ್ಕುಸುಕ್ಕು. ಇನ್ನೊಂದು ಕೋರ್ಸ್ ಮುಗಿಯುವಾಗಿನದು. ಎರಡರ ಮೇಲೂ ತಾರೀಖು. ಅಧಿಕಾರಿ ಜಾಸ್ತಿ ಹೊತ್ತು ನಿಂತು ನೋಡಿದ್ದು ಅದನ್ನೇ.

ಬಯೋಮೆಟ್ರಿಕ್ ಹಾಜರಿ ಬೇರೆಯದೇ ತಲೆನೋವು. ಹೊಲದ ಕೆಲಸ ಮಾಡುವವರ ಬೆರಳಚ್ಚು ಸವೆದಿರುತ್ತದೆ. ನಿಂಬೆಹಣ್ಣು, ಕೊಬ್ಬರಿ ಎಣ್ಣೆ, ಬಿಸಿನೀರು ಎಲ್ಲ ಪ್ರಯೋಗ ಮಾಡಿದೆವು. ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒರೆಸಿದರೆ ಸ್ವಲ್ಪ ವಾಸಿ. ಗಟ್ಟಿ ಪರಿಹಾರ ಅಂದರೆ ಬ್ಯಾಚ್ ಶುರುವಾಗುವ ಮುಂಚೆ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ಅಪ್‌ಡೇಟ್ ಮಾಡಿಸೋದು. ಆಟೋ ಖರ್ಚು ನಮ್ಮದೇ. ಹಾಜರಿ ಕಮ್ಮಿಯಾಗಿ ಪರೀಕ್ಷೆಯೇ ತಪ್ಪಿದರೆ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ.

ತರಬೇತಿಗೆ ಸರ್ಕಾರದ ದುಡ್ಡು ಬರುತ್ತಿದ್ದದ್ದು 30, 50, 20 ಶೇಕಡಾ ಲೆಕ್ಕದಲ್ಲಿ, ಮೂರು ಕಂತಾಗಿ. ಮೊದಲ 30 ಬ್ಯಾಚ್ ಶುರುವಾದಾಗ, 50 ಕಲಿಕಾರ್ಥಿಗಳು ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದ ಮೇಲೆ. ಕೊನೆಯ 20 ಕೆಲಸ ಸಿಕ್ಕಿದ ಪುರಾವೆ ಕೊಟ್ಟ ಮೇಲೆ. ಮನೆಯಲ್ಲೇ ಹೊಲಿಯುವವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಎಲ್ಲರ ಕೈಗೂ ಬಿಲ್ ಪುಸ್ತಕ ಕೊಟ್ಟೆವು, ಬ್ಯಾಂಕ್ ಖಾತೆಗೇ ದುಡ್ಡು ಹಾಕಿಸಿಕೊಳ್ಳಲು ಕಲಿಸಿದೆವು. ತಿಂಗಳು ತಿಂಗಳು ಅದರ ಫೋಟೊ ತಪ್ಪದೆ ಕಳಿಸುವ ಹಾಗೆ ಹೇಗೆ ಮಾಡಿದೆವು ಅನ್ನೋದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಅಂದು ನಕ್ಕ ಪಕ್ಕದ ಸೆಂಟರ್‌ನವರು ಈಗ ತಪಾಸಣೆ ಪುಸ್ತಕದ ನಮೂನೆ ಕೇಳಿಕೊಂಡು ಬಂದಿದ್ದಾರೆ. ಅದನ್ನಂತೂ ಕೊಟ್ಟಿದ್ದೇನೆ.